ಕೂಸಿನ ಹಿಂಗಾಲು

ಅಕ್ಕ ಆ ನಾಯಿಯನ್ನು ಕೂಸು ಅಂತಲೇ ಕರೆಯುತ್ತಿದ್ದಳು. ಬೇರೆ ಹೆಸರು ಇಡಲಿಲ್ಲ. ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ, ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ನಾನು ಮದುವೆಯಾಗಿ ಬಂದಾಗ ಎಲ್ಲರೂ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಿದ್ದೆವು. ಆಮೇಲೆ ಮನೆ ಭಾಗವಾಯಿತು. ಮೂಗೂರಿನ ಕಡೆಯ ನಮ್ಮ ಊರಿನಲ್ಲಿ ರೇಷ್ಮೆ ಹುಳು ಸಾಕುವವರು ಈಗಲೂ ಇದ್ದಾರೆ. ನಮ್ಮದೂ ಒಂದು ಹುಳುಮನೆ ಇತ್ತು, ಅದು ನಮ್ಮ ಪಾಲಿಗೆ ಬಂತು. ಅಷ್ಟು ವರ್ಷ ಆ ಹುಳುಗಳಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಿದವಳು ಅಕ್ಕ. ನಾನು ತಿ. ನರಸೀಪುರದ ಹತ್ತಿರ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರು, ಬೆಳಿಗ್ಗೆ ಬಸ್ಸು ಹತ್ತಿದರೆ ಸಾಯಂಕಾಲವೇ ಮನೆ. "ಸ್ಕೂಲ್‌ಗೋಗೋಳಿಗೆ ಉಳದ ಮನೆ ಯಾಕಂತೆ" ಎಂದು ಅವಳು ಯಾರ ಹತ್ತಿರವೋ ಅಂದದ್ದು ನನ್ನ ಕಿವಿಗೂ ಬಿತ್ತು. ಆಮೇಲೆ ಜಗಳವೇನೂ ಆಗಲಿಲ್ಲ. ಮಾತು ಕಡಿಮೆಯಾಯಿತು, ಅಷ್ಟೇ. ಹಬ್ಬದ ದಿನ ಒಬ್ಬಟ್ಟು ಆಚೆಗೊಂದು ತಟ್ಟೆ ಈಚೆಗೊಂದು ತಟ್ಟೆ ಹೋಗುತ್ತಿತ್ತು. ಹಾಲು ಬೇಕಾದರೆ ಕೇಳುತ್ತಿದ್ದೆ. ಎರಡು ಹಿತ್ತಿಲುಗಳ ನಡುವೆ ಎದೆಯೆತ್ತರದ ಕಲ್ಲುಚಪ್ಪಡಿಗಳನ್ನು ನೆಟ್ಟು ಬೇಲಿ ಮಾಡಿಸಿದೆವು.

ಅವಳಿಗೆ ಮಕ್ಕಳಿಲ್ಲ. ಭಾವ ತಾಂಡವಪುರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾ ನಂಜನಗೂಡಿನಲ್ಲಿ ರೂಮು ಮಾಡಿಕೊಂಡಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಅಕ್ಕ, ಎರಡು ಹಸು, ಕೂಸು. ಕಂದು ಬಣ್ಣದ, ಅಗಲ ಎದೆಯ ಹೆಣ್ಣು ನಾಯಿ ಅದು. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ ಮೇಲೆ ಮೈ ತುಂಬಿಕೊಂಡಿತ್ತು. ಅಕ್ಕ ತಾನು ಉಣ್ಣುವ ಮುಂಚೆ ಅದಕ್ಕೆ ಅನ್ನ ಹಾಲು ಕಲೆಸಿಡುತ್ತಿದ್ದಳು. ಹುಲ್ಲು ಕುಯ್ಯಲು ಗದ್ದೆ ಕಡೆ ಹೋದರೆ ಅದು ಮುಂದೆ ಮುಂದೆ ಹೋಗುತ್ತಿತ್ತು. ಮೂರ್ನಾಲ್ಕು ವರ್ಷಗಳಿಂದ ನಮ್ಮ ಕಡೆ ಕಬ್ಬಿನ ಗದ್ದೆಗಳಲ್ಲಿ ಚಿರತೆ ಸೇರಿಕೊಂಡಿವೆ. ಅರಣ್ಯ ಇಲಾಖೆಯವರು ಬೋನು ತಂದು ಇಡುತ್ತಾರೆ, ಒಂದು ಬೀಳುತ್ತದೆ, ಇನ್ನೊಂದು ಬರುತ್ತದೆ. ಒಬ್ಬೊಬ್ಬರೇ ಗದ್ದೆಗೆ ಹೋಗಬೇಡಿ ಅನ್ನುತ್ತಾರೆ. ಅಕ್ಕ ಹೋಗುತ್ತಿದ್ದಳು. ಕೇಳಿದವರಿಗೆ, "ನಾನೆಲ್ಲಿ ಒಬ್ಳೇ ಓಯ್ತೀನಿ, ಕೂಸು ಇಲ್ವಾ?" ಅನ್ನುತ್ತಿದ್ದಳು.

ದಸರಾ ರಜೆಯಲ್ಲಿ ನಾನು ಮನೆಯಲ್ಲಿದ್ದೆ. ಆ ಸಲದ ಹುಳು ಚೆನ್ನಾಗಿ ಬಂದಿತ್ತು. ಹಣ್ಣಾಗುವ ದಿನ. ಹುಳು ಹಣ್ಣಾಯಿತು ಅಂದರೆ ಮೈ ಹೊಳಪಾಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ಆಡಿಸುತ್ತದೆ. ಆಗ ಕೂಡಲೇ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟಲೆಂದು ಹೆಣೆದ ಬಿದಿರು ತಟ್ಟಿಗೆ ಬಿಡಬೇಕು. ತಡವಾದರೆ ನೂಲು ಹಾಳು. ನನ್ನ ಗಂಡ ತೋಟದ ಕೊನೆಯಲ್ಲಿ ನೀರು ತಿರುಗಿಸಲು ಹೋಗಿದ್ದರು. ಅಕ್ಕ ಡೇರಿಗೆ ಹಾಲು ಹಾಕಲು ಹೋಗಿದ್ದಳು. ನಾನೊಬ್ಬಳೇ ಬೆನ್ನು ಬಗ್ಗಿಸಿ ಆರಿಸುತ್ತಿದ್ದೆ. ಬಾಗಿಲ ಜಾಲರಿ ಚಿಲಕ ಹಾಕಿರಲಿಲ್ಲ, ಅದು ನನ್ನ ತಪ್ಪು. ಕೂಸು ಇಲಿಯನ್ನು ಅಟ್ಟಿಸಿಕೊಂಡು ಒಳಗೆ ನುಗ್ಗಿತು. ಗೋಡೆಗೆ ಒರಗಿಸಿದ್ದ ಎರಡು ಚಂದ್ರಂಕಿ ಮೈಗೆ ತಗುಲಿ ಕವುಚಿ ಬಿದ್ದವು. ಅವುಗಳ ಮೇಲೆ ನಾಯಿ ಓಡಾಡಿತು. ಹುಳುಗಳು ಅಪ್ಪಚ್ಚಿಯಾಗಿ ಹಳದಿ ನೀರು ನೆಲದ ಮೇಲೆ ಹರಿಯಿತು.

ನಾನು ಪೊರಕೆ ತೆಗೆದುಕೊಂಡೆ. ಹುಳುಮನೆಯ ಜೇಡ ಹೊಡೆಯುವ ಉದ್ದ ಬಿದಿರುಹಿಡಿಯ ಪೊರಕೆ. ಕಿರುಚುತ್ತಾ ಅಟ್ಟಿಸಿಕೊಂಡು ಹೋದೆ. ಏನು ಕಿರುಚಿದೆ ಅಂತ ಈಗ ನೆನಪಿಲ್ಲ. ನಾಯಿಯನ್ನು ಬೈದೆನೋ ಅಕ್ಕನನ್ನು ಬೈದೆನೋ. ಅದು ಚಪ್ಪಡಿ ಬೇಲಿಯನ್ನು ಹಾರಿತು. ಮುಂಗಾಲು, ಮೈ ಆಚೆ ಹೋಯಿತು. ಎಡ ಹಿಂಗಾಲು ಎರಡು ಚಪ್ಪಡಿಗಳ ಸಂದಿನಲ್ಲಿ ಸಿಕ್ಕಿಕೊಂಡಿತು. ನಾಯಿ ತಲೆಕೆಳಗಾಗಿ ಜೋತುಬಿತ್ತು. ಆ ಕ್ಷಣದಲ್ಲಿ ನಾನು ನಿಲ್ಲಬಹುದಿತ್ತು. ಪೊರಕೆ ಕೆಳಗೆ ಹಾಕಿ ಕಾಲನ್ನು ಮೇಲೆತ್ತಿ ಬಿಡಿಸಬಹುದಿತ್ತು. ನಾನು ಹಿಡಿಯನ್ನು ತಿರುಗಿಸಿ ಒಂದು ಏಟು ಹೊಡೆದೆ, ತೊಡೆಯ ಮೇಲೆ. ನಾಯಿ ಕೂಗಿಕೊಂಡು ಮೈಯನ್ನು ತಿರುಚಿ ಕಾಲು ಕಿತ್ತುಕೊಂಡು ಬಿದ್ದು ಹೋಯಿತು.

ಒಳಗೆ ಬಂದು ನೆಲ ತೊಳೆದು ಮತ್ತೆ ಹುಳು ಆರಿಸಲು ಕೂತೆ.  

ಸಾಯಂಕಾಲ ಬೇಲಿಯಾಚೆಯಿಂದ ಅಕ್ಕ ಕೂಗಿದಳು. "ಅಮ್ಮಿ, ನಮ್ ಕೂಸು ಎಡಗಾಲ ಕೆಳಕ್ಕೇ ಊರ್ತಿಲ್ಲ ಕಣಮ್ಮಿ. ನೀ ಮನೇಲೇ ಇದ್ದಲ್ಲ, ಏನಾರ ನೋಡ್ದಾ?"

"ಇಲ್ಲ ಕಣಕ್ಕ. ನಾನು ಹುಳದ ಕೆಲ್ಸದಲ್ಲಿದ್ದೆ."

ಅಷ್ಟು ಸುಲಭವಾಗಿ ಬಂದುಬಿಟ್ಟಿತು. ಅವಳು ಇನ್ನೂ ಏನಾದರೂ ಕೇಳುತ್ತಾಳೆ ಅಂತ ನಿಂತಿದ್ದೆ. ಕೇಳಲಿಲ್ಲ. ಒಳಗೆ ಹೋದಳು, ಹರಳೆಣ್ಣೆ ಬಿಸಿ ಮಾಡಿದ ವಾಸನೆ ಬಂತು.

ಎಣ್ಣೆ ಹಚ್ಚಿದ್ದಾಯಿತು. ಸೊಪ್ಪು ಅರೆದು ಕಟ್ಟಿದ್ದಾಯಿತು. ಮೊದಲ ಒಂದೆರಡು ದಿನ ಕಾಲು ಎತ್ತಿಕೊಂಡೇ ಇದ್ದ ನಾಯಿ ಆಮೇಲೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿ ಕುಂಟತೊಡಗಿತು. ಕೂತರೆ ಆ ಕಾಲನ್ನು ಪಕ್ಕಕ್ಕೆ ಚಾಚಿ ಕೂರುತ್ತಿತ್ತು. ಮೂರು ವಾರ ಕಳೆಯುವ ಹೊತ್ತಿಗೆ ಎಡ ತೊಡೆ ಬಲ ತೊಡೆಗಿಂತ ಕಣ್ಣಿಗೆ ಕಾಣುವಷ್ಟು ಸಣ್ಣಗಾಯಿತು. ಆದರೂ ಅಕ್ಕ ಹುಲ್ಲಿಗೆ ಹೊರಟರೆ ಎದ್ದು ಹಿಂದೆ ಹೊರಡುತ್ತಿತ್ತು. ಮೊದಲು ಮುಂದೆ ಹೋಗುತ್ತಿದ್ದದ್ದು ಈಗ ಹಿಂದೆ. ಒಂದು ದಿನ ಶಾಲೆಯಿಂದ ಬರುವಾಗ ಬಸ್‌ಸ್ಟಾಪಿನ ಹತ್ತಿರ ಇಬ್ಬರೂ ಸಿಕ್ಕಿದರು. ಅಕ್ಕನ ತಲೆಯ ಮೇಲೆ ಹುಲ್ಲಿನ ಹೊರೆ, ಕೂಸು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾ ಬರುತ್ತಿತ್ತು.

"ಪಕ್ಕದೂರಲ್ಲಿ ಮೊನ್ನೆ ಕಟ್ಟಾಕಿದ್ ನಾಯ್ನೇ ಒತ್ಕೊಂಡೋಯ್ತಂತೆ ಚಿರತೆ" ಅಂದಳು ಅಕ್ಕ. "ಇದು ಓಡ್ನಾರದು ಕಣಮ್ಮಿ. ಬಂದ್ರೆ ಏನ್ ಮಾಡ್ತದೆ? ಮನೇಲಿ ಕೂಡಾಕಿದ್ರೆ ಬಾಯ್ ಬಡ್ಕತದೆ."

ಅವಳು ನನ್ನ ಹತ್ತಿರ ಅಷ್ಟು ಮಾತಾಡಿ ಎಷ್ಟೋ ವರ್ಷವಾಗಿತ್ತು. ನಾನು ಕೂಡಲೇ, "ನರಸೀಪುರದ ಆಸ್ಪತ್ರೆಗೆ ತೋರ್ಸಣ ಬಾ, ನಾನೂ ಬತ್ತೀನಿ. ರಜ ಹಾಕ್ತೀನಿ" ಅಂದೆ. ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ಅದು ಒಳ್ಳೆಯತನವಲ್ಲ ಅಂತ ನನಗೆ ಗೊತ್ತಿತ್ತು.

ಊರಿನ ಒಂದು ಗೂಡ್ಸ್ ಆಟೋದಲ್ಲಿ ಗೋಣಿಚೀಲ ಹಾಸಿ ಕೂರಿಸಿಕೊಂಡು ಹೋದೆವು. ದನದ ಆಸ್ಪತ್ರೆಯ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕ ಹುಡುಗಿ. ನಾಯಿಯ ಬಾಯಿಗೆ ಬ್ಯಾಂಡೇಜ್ ಬಟ್ಟೆಯ ಕುಣಿಕೆ ಹಾಕಿ, ಮಲಗಿಸಿ, ಒಂದು ಕೈಯಲ್ಲಿ ತೊಡೆಯ ಮೂಳೆ, ಇನ್ನೊಂದು ಕೈಯಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಹಿಡಿದು ಮುಂದಕ್ಕೆ ತಳ್ಳಿದಳು. ಕೆಳಗಿನ ಮೂಳೆ ಮೇಜಿನ ಡ್ರಾಯರ್ ಎಳೆದ ಹಾಗೆ ಮುಂದಕ್ಕೆ ಜಾರಿತು.

"ನೋಡಿ, ಇದು ಜಾರಬಾರದು" ಅಂದಳು. "ಮಂಡಿಯೊಳಗೆ ಎರಡು ಮೂಳೆ ಹಿಡ್ಕೊಳ್ಳೋ ಲಿಗಮೆಂಟ್ ಇರುತ್ತೆ, ಹಗ್ಗದ ಥರ. ಅದು ಕಿತ್ತುಹೋಗಿದೆ. ಎಣ್ಣೆ ಹಚ್ಚಿದ್ರೆ ಕೂಡಲ್ಲ. ಇಷ್ಟು ತೂಕದ ನಾಯಿಗೆ ಆಪರೇಷನ್ನೇ ಆಗ್ಬೇಕು. ಏನಾಯ್ತು ಇದಕ್ಕೆ? ಎಲ್ಲಾದ್ರೂ ಕಾಲು ಸಿಕ್ಕಾಕ್ಕೊಂಡಿತ್ತಾ? ಗಾಡಿ ಏನಾದ್ರೂ?"

"ಗೊತ್ತಿಲ್ಲ ಕಣವ್ವ" ಅಂದಳು ಅಕ್ಕ. "ನಾನು ಡೇರಿಗೋಗಿದ್ದೆ. ಬರೋ ಒತ್ಗೆ ಇಂಗೇ ಇತ್ತು."

ಡಾಕ್ಟರು ನನ್ನ ಕಡೆ ನೋಡಿದಳು. ನಾನು ನಾಯಿಯ ತಲೆ ಹಿಡಿದುಕೊಂಡಿದ್ದೆ. ಅದರ ಕಿವಿ ನನ್ನ ಅಂಗೈಯಲ್ಲಿ ನಡುಗುತ್ತಿತ್ತು. ನಾನು ತಲೆ ಬಗ್ಗಿಸಿದೆ.

ಇಂಥ ಆಪರೇಷನ್ ಅಲ್ಲಿ ಮಾಡುತ್ತಿರಲಿಲ್ಲ. ನಂಜನಗೂಡಿನ ಒಂದು ಖಾಸಗಿ ಕ್ಲಿನಿಕ್ಕಿಗೆ ಭಾನುವಾರ ಮೈಸೂರಿನಿಂದ ಸರ್ಜನ್ ಒಬ್ಬರು ಬರುತ್ತಾರೆ, ಅಲ್ಲಿಗೆ ಹೋಗಿ ಅಂತ ಚೀಟಿ ಬರೆದುಕೊಟ್ಟಳು. ನನ್ನ ಗಂಡ ನಕ್ಕರು. "ನಾಯಿ ಮಂಡಿಗೆ ಆಪರೇಷನ್ನಾ? ನಮ್ಮವ್ವ ಮಂಡಿ ನೋವು ಅಂತ ಸಾಯೋತನ್ಕ ಎಣ್ಣೆ ತಿಕ್ಕೊಂಡೇ ಇದ್ಲು" ಅಂದರು. ಭಾವ ಮಾತ್ರ ಫೋನಿನಲ್ಲಿ ಒಂದೇ ಮಾತು ಹೇಳಿದರಂತೆ. "ಕರ್ಕೊಂಡ್ ಬಾ, ಮಾಡ್ಸಣ."

ಭಾನುವಾರ ನಾನೂ ಹೊರಟೆ. ನೀನು ಯಾಕೆ ಅಂತ ಯಾರೂ ಕೇಳಲಿಲ್ಲ. ಟೀಚರು, ಕಾಗದ ಪತ್ರ ಓದುತ್ತಾಳೆ, ಡಾಕ್ಟರ ಮಾತು ಅರ್ಥವಾಗುತ್ತದೆ ಅಂದುಕೊಂಡರು. ಕಪಿಲೆಯ ಸೇತುವೆ ದಾಟುವಾಗ ಅಕ್ಕ ಕೂಸಿನ ಕಣ್ಣಿಗೆ ಸೆರಗು ಮುಚ್ಚಿದಳು, ನೀರು ಕಂಡು ಹೆದರುತ್ತದೆ ಅಂತ. ಕ್ಲಿನಿಕ್ಕಿನ ಬಾಗಿಲಲ್ಲಿ ಭಾವ ಕಾಯುತ್ತಿದ್ದರು. ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದರು.

ಸರ್ಜನ್ ವಯಸ್ಸಾದವರು, ಮೆತ್ತಗೆ ಮಾತಾಡುವವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಮ್ಮನ್ನು ಹತ್ತಿರ ಕರೆದರು.

"ಇಲ್ಲಿ ಅಂಚು ಒರಟಾಗಿದೆ ನೋಡಿ. ಇದು ಮೂರು ವಾರದಲ್ಲಿ ಆದದ್ದಲ್ಲ. ಮನುಷ್ಯರಿಗೆ ಆಟ ಆಡುವಾಗ ಈ ಲಿಗಮೆಂಟ್ ಪಟ್ಟಂತ ಹರಿಯುತ್ತೆ. ನಾಯಿಗಳಲ್ಲಿ ಬಹಳ ಸಲ ಹಾಗಲ್ಲ. ಬಾವಿ ಹಗ್ಗ ಸವೆದ ಹಾಗೆ ತಿಂಗಳುಗಟ್ಟಲೆ ಎಳೆ ಎಳೆಯಾಗಿ ಸವೆಯುತ್ತಾ ಬಂದು, ಒಂದು ದಿನ ಬಿಟ್ಟುಕೊಡುತ್ತೆ. ಒಂದು ಕಾಲು ಹೋದರೆ ಇನ್ನೊಂದೂ ಹೋಗಬಹುದು. ತೂಕ ಜಾಸ್ತಿ ಇದ್ದರೆ ಇನ್ನೂ ಬೇಗ."

ಆ ಮಾತು ಕೇಳಿ ನನ್ನ ಎದೆಯ ಮೇಲಿನ ಭಾರ ಎತ್ತಿ ಇಳಿಸಿದ ಹಾಗಾಯಿತು. ಮೊದಲೇ ಸವೆದಿತ್ತು. ನಾನಲ್ಲ. ಮರುಕ್ಷಣವೇ ಅಕ್ಕನ ಮುಖ ನೋಡಿದೆ. ಅವಳು ತೂಕ ಅನ್ನುವ ಮಾತಿಗೆ ಸಿಕ್ಕಿಕೊಂಡು ನಿಂತಿದ್ದಳು.

"ಸಾ, ನಾನು ಅನ್ನ ಜಾಸ್ತಿ ಆಕ್ತಿದ್ದೆ" ಅಂದಳು.

"ಈಗ ಕಡಿಮೆ ಮಾಡಿ" ಅಂದರು ಅವರು. ಬೈಯಲಿಲ್ಲ. ಆಮೇಲೆ ಆಪರೇಷನ್ ಹೇಗೆ ಅಂತ ವಿವರಿಸಿದರು. ಹರಿದ ಲಿಗಮೆಂಟನ್ನು ಹೊಲಿದು ಕೂಡಿಸಲಾಗುವುದಿಲ್ಲ. ಮೂಳೆ ಕತ್ತರಿಸಿ, ತಿರುಗಿಸಿ, ಪ್ಲೇಟು ಕೂರಿಸುವ ದೊಡ್ಡ ಆಪರೇಷನ್ ಒಂದಿದೆ, ಅದಕ್ಕೆ ದೊಡ್ಡ ಊರಿನ ಆಸ್ಪತ್ರೆಗೇ ಹೋಗಬೇಕು. ಇಲ್ಲಿ ಮಾಡುವುದು ಬೇರೆ. ಮೊದಲು ಕೀಲು ತೆರೆದು ಒಳಗೆ ಹರಿದುಹೋದದ್ದನ್ನು ತೆಗೆಯುತ್ತಾರೆ. ಆಮೇಲೆ ಕೀಲಿನ ಹೊರಗೆ, ತೊಡೆಮೂಳೆಯ ಹಿಂದಿರುವ ಕಡಲೆಕಾಳಿನಂಥ ಸಣ್ಣ ಮೂಳೆಯಿಂದ ಕೆಳಗಿನ ಮೂಳೆಯಲ್ಲಿ ಕೊರೆದ ತೂತಿಗೆ ಗಟ್ಟಿ ನೈಲಾನ್ ದಾರ ಹಾಕಿ ಬಿಗಿಯುತ್ತಾರೆ. ಮೂಳೆ ಮುಂದಕ್ಕೆ ಜಾರದ ಹಾಗೆ ಆ ದಾರ ಹಿಡಿದುಕೊಂಡಿರುತ್ತದೆ. ಅಷ್ಟರೊಳಗೆ ಮೈಯೇ ಕೀಲಿನ ಸುತ್ತ ಗಟ್ಟಿ ಮಾಂಸ ಕಟ್ಟಿಕೊಳ್ಳುತ್ತದೆ.

"ದಾರ ಕಿತ್ತೋದ್ರೆ?" ಅಂತ ಕೇಳಿದರು ಭಾವ.

"ಎರಡು ತಿಂಗಳು ಓಡದ ಹಾಗೆ, ಹಾರದ ಹಾಗೆ ನೋಡ್ಕೊಂಡರೆ ಕಿತ್ತುಹೋಗೋ ಭಯ ಕಡಿಮೆ. ನಾನು ಮಾಡೋದು ಒಂದೂವರೆ ಗಂಟೆ ಕೆಲಸ. ಉಳಿದದ್ದೆಲ್ಲ ನಿಮ್ಮದೇ."

ಒಳಗೆ ಕರೆದುಕೊಂಡು ಹೋದರು. ಅಕ್ಕ ಹೊರಗಿನ ಬೆಂಚಿನ ಮೇಲೆ ಕೂಸಿನ ಕೊರಳಹಗ್ಗ ಹಿಡಿದು ಕೂತಳು. ಭಾವ ಟೀ ತಂದುಕೊಟ್ಟರು, ಅದು ಅವಳ ಪಕ್ಕದಲ್ಲೇ ಆರಿತು. ನನ್ನ ಕೈ ಹಿಡಿದು, "ನೀ ಬರದೇ ಇದ್ರೆ ನಂಗೆ ಇದೆಲ್ಲಾ ಎಲ್ಲಿ ತಿಳೀತಿತ್ತು?" ಅಂದಳು. ಅವಳ ಅಂಗೈ ಹುಲ್ಲು ಕುಯ್ದು ಕುಯ್ದು ಒರಟಾಗಿತ್ತು. ನನಗೆ ಕೈ ಬಿಡಿಸಿಕೊಂಡು ಓಡಿಹೋಗಬೇಕು ಅನ್ನಿಸಿತು.

ಆಪರೇಷನ್ ಮುಗಿದ ಮೇಲೆ ಸರ್ಜನ್ ಕೈ ತೊಳೆಯುತ್ತಿದ್ದಾಗ ನಾನು ಒಬ್ಬಳೇ ಹೋಗಿ ಕೇಳಿದೆ. "ಡಾಕ್ಟ್ರೇ, ಕಾಲು ಎಲ್ಲೋ ಸಿಕ್ಕಿಕೊಂಡು, ತಿರುಚಿ ಎಳ್ಕೊಂಡಿದ್ರೆ ಹೀಗಾಗುತ್ತಾ?"

"ಆಗಿರಬಹುದು. ಮೂಳೆಗಳ ನಡುವೆ ಇರೋ ಒಳಗಿನ ಮೆತ್ತೆ ಒಂದು ಕಡೆ ಮಡಚಿಕೊಂಡು ಹರಿದಿತ್ತು. ಆ ಚೂರು ತೆಗೆದಿದ್ದೀನಿ. ಲಿಗಮೆಂಟ್ ಸವೆದದ್ದಂತೂ ನಿಜ. ಇನ್ನೊಂದು ವರ್ಷ ತಡೀತಿತ್ತೋ, ಒಂದು ವಾರವೋ, ಯಾರೂ ಹೇಳೋಕಾಗಲ್ಲ." ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದರು. "ಯಾಕಮ್ಮ, ನೀವು ನೋಡಿದ್ರಾ?"

"ಇಲ್ಲ. ಸುಮ್ನೆ ಕೇಳ್ದೆ."

ಇದು ಎರಡನೆಯ ಸಲ. ಮೊದಲನೆಯದು ಹೆದರಿ ಹೇಳಿದ್ದು ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದಕ್ಕೆ ಅದೂ ಇರಲಿಲ್ಲ. ಅವರಿಗೆ ಹೇಳಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ.

ಕೂಸನ್ನು ಇಟ್ಟುಕೊಳ್ಳುವುದೆಲ್ಲಿ ಅಂತ ಮಾತು ಬಂತು. ಅಕ್ಕನ ಮನೆಯ ಜಗುಲಿ ಎತ್ತರ, ಬಾಗಿಲಿಗೆ ನಾಲ್ಕು ಮೆಟ್ಟಿಲು, ಒಳಗೂ ಮೆಟ್ಟಿಲು. ನಮ್ಮ ಹುಳುಮನೆ ಸಮನಾದ ನೆಲ, ಜಾಲರಿ ಬಾಗಿಲು, ಗಾಳಿ ಬೆಳಕು. ಗೂಡು ಮಾರಿ ಖಾಲಿ ಬಿದ್ದಿತ್ತು. ನಾನೇ ಹೇಳಿದೆ. ಗಂಡನಿಗೆ ಇಷ್ಟವಿರಲಿಲ್ಲ, ಮುಂದಿನ ಬೆಳೆ ತಪ್ಪುತ್ತದೆ, ನಾಯಿ ಇದ್ದ ಜಾಗದಲ್ಲಿ ಹುಳು ನಿಲ್ಲುವುದಿಲ್ಲ ಅಂತ ಎರಡು ದಿನ ಮುಖ ಗಂಟು ಹಾಕಿಕೊಂಡರು. ಆಮೇಲೆ ತಾವೇ ನೆಲಕ್ಕೆ ಗೋಣಿತಾಟು ಹಾಸಿ, ಜಾರಬಾರದು ಅಂತ ನಾಲ್ಕು ಮೂಲೆಗೂ ಕಲ್ಲಿಟ್ಟರು.

ಮೊದಲ ವಾರ ಕಷ್ಟದ ವಾರ. ಕೂಸಿನ ಕೊರಳಿಗೆ ಬಕೆಟಿನಂಥ ಪ್ಲಾಸ್ಟಿಕ್ ಪಟ್ಟಿ ಹಾಕಿದ್ದರು, ಹೊಲಿಗೆ ನೆಕ್ಕಬಾರದು ಅಂತ. ಅದು ಅಲ್ಲಿ ಇಲ್ಲಿ ಬಡಿದುಕೊಳ್ಳುತ್ತಾ ಅಳುತ್ತಿತ್ತು. ಮಂಡಿ ಊದಿಕೊಂಡಿತ್ತು. ಬಟ್ಟೆಯಲ್ಲಿ ಐಸು ಸುತ್ತಿ ಇಡಬೇಕು, ಉಚ್ಚೆಗೆ ಹೊರಗೆ ಕರೆದುಕೊಂಡು ಹೋಗುವಾಗ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿಯಬೇಕು. ಹೊಲಿಗೆ ಬಿಚ್ಚಿದ ಮೇಲೆ ಕಾಲು ಮಡಚಿಸುವ ಕೆಲಸ. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಪಾದ ಹಿಡಿದು ಮೆಲ್ಲಗೆ ಮಡಚಿ, ಮೆಲ್ಲಗೆ ಚಾಚಬೇಕು. ಹೀಗೆ ಬೆಳಿಗ್ಗೆ ಹದಿನೈದು ಸಲ, ಸಾಯಂಕಾಲ ಹದಿನೈದು ಸಲ. ಅಕ್ಕ ತಲೆ ಹಿಡಿಯುತ್ತಿದ್ದಳು. ಕಾಲು ನನ್ನ ಕೈಗೆ ಬಂತು.

ಕೂಸು ನನ್ನನ್ನು ನೋಡಿದರೆ ಮೊದಲು ಮೊದಲು ಗೋಡೆಗೆ ಅಂಟಿಕೊಳ್ಳುತ್ತಿತ್ತು. ಆಸ್ಪತ್ರೆ ನೆನಪಿಗೆ ಹಾಗೆ ಮಾಡುತ್ತದೆ ಅಂದಳು ಅಕ್ಕ. ನಾನು ಆ ಕೋಣೆಗೆ ಪೊರಕೆ ತರುವುದನ್ನು ಬಿಟ್ಟೆ, ಕಸವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತಿದ್ದೆ. ಕೆಲವು ವಾರ ಕಳೆದ ಮೇಲೆ ಅದು ನನ್ನ ಕೈ ಮೂಸಿತು. ಆಮೇಲೆ ನಾನು ಹೋದರೆ ತಾನೇ ಮಗ್ಗುಲಿಗೆ ಮಲಗಿ ಕಾಲು ಕೊಡತೊಡಗಿತು. ಚಪ್ಪಡಿ ಸಂದಿನಲ್ಲಿ ಸಿಕ್ಕಿದ್ದ ಅದೇ ಕಾಲು. ನನ್ನ ಬೆರಳುಗಳ ಕೆಳಗೆ ಮಂಡಿಯ ಒಳಗಡೆ ಏನೋ ಸಣ್ಣಗೆ ಕಟಕ್ ಅನ್ನುತ್ತಿತ್ತು.

ಆ ಸಾಯಂಕಾಲಗಳಲ್ಲಿ ಅಕ್ಕ ಮಾತಾಡಿದಳು. ಭಾಗದ ವಿಷಯವಲ್ಲ. ತನಗೆ ಎರಡು ಸಲ ಬಸಿರು ನಿಂತು ಇಳಿದುಹೋದದ್ದನ್ನು ಹೇಳಿದಳು. ಎರಡನೆಯ ಸಲ ಇದೇ ಹುಳುಮನೆಯಲ್ಲಿ ಸೊಪ್ಪಿನ ಮಂಕರಿ ಎತ್ತುವಾಗ ನೋವು ಬಂದು ಕೂತದ್ದನ್ನು, ಮನೆಯಲ್ಲಿ ಯಾರಿಗೂ ಹೇಳದೆ ಆವತ್ತಿನ ಸೊಪ್ಪು ಹಾಕಿ ಮುಗಿಸಿದ್ದನ್ನು ಹೇಳಿದಳು. ಅವಳಿಗೆ ಈ ಜಾಗ ಯಾಕೆ ಬೇಕಿತ್ತು ಅಂತ ಅಷ್ಟು ವರ್ಷ ನಾನು ಯೋಚಿಸಿದ್ದೇ ಬೇರೆ.  ಎಣಿಕೆ ತಪ್ಪಿ ಮತ್ತೆ ಒಂದರಿಂದ ಮಡಚಿದೆ.

ಬಂದ ನೆಂಟರ ಮುಂದೆಲ್ಲ ಅವಳು ನನ್ನನ್ನು ಹೊಗಳುತ್ತಿದ್ದಳು. "ನಮ್ ವಾರಗಿತ್ತಿ ಇಲ್ದಿದ್ರೆ ನಮ್ ಕೂಸು ಮೂರು ಕಾಲಲ್ಲೇ ಇರ್ತಿತ್ತು." ಒಂದೊಂದು ಸಲ ಹೇಳಿಬಿಡೋಣ ಅಂತ ಬಾಯಿಗೆ ಬರುತ್ತಿತ್ತು. ಈಗ ಬೇಡ, ಕಾಲು ಪೂರ್ತಿ ವಾಸಿಯಾಗಲಿ ಅನ್ನಿಸುತ್ತಿತ್ತು. ಸರ್ಜನ್ ಹೇಳಿದ್ದು ನೆನಪಾಗುತ್ತಿತ್ತು, ಮೊದಲೇ ಸವೆದಿತ್ತಲ್ಲ. ವಾಸಿಯಾಗುತ್ತಾ ಬಂದ ಹಾಗೆ ಹೇಳುವ ಅಗತ್ಯವೇ ಕರಗಿಹೋಯಿತು ಅನ್ನುವ ಹಾಗೆ ನಾನೂ ಆರಾಮಾಗತೊಡಗಿದೆ. ಎರಡು ತಿಂಗಳಿಗೆ ಕೂಸು ನಾಲ್ಕೂ ಕಾಲೂರಿ ಊರ ಬೀದಿಯಲ್ಲಿ ಹಗ್ಗದ ಜೊತೆ ನಡೆಯಿತು. ತನ್ನ ಮನೆಗೆ ವಾಪಸು ಹೋಯಿತು. ಅಕ್ಕ ಜಗುಲಿಗೆ ಹಲಗೆಯ ಇಳಿಜಾರು ಮಾಡಿಸಿದಳು. ನಾವು ಹುಳುಮನೆಗೆ ಸುಣ್ಣ ಬಳಿದು, ಔಷಧಿ ಹೊಡೆದು, ಹೊಸ ಮರಿಹುಳು ತಂದೆವು.

ಬೇಸಿಗೆಯ ಆರಂಭದಲ್ಲಿ ಒಂದು ಬೆಳಿಗ್ಗೆ ಅಕ್ಕ ಕೂಗಿದ ರೀತಿಗೆ ನಾನು ಹಲ್ಲುಜ್ಜುತ್ತಿದ್ದವಳು ಹಾಗೇ ಓಡಿದೆ. ಕೂಸು ಹಿತ್ತಿಲ ನೆರಳಲ್ಲಿ ಮಲಗಿದ್ದದ್ದು ಎದ್ದು ನಿಂತಿತ್ತಂತೆ, ಅಷ್ಟೇ. ಓಡಿಲ್ಲ, ಹಾರಿಲ್ಲ. ಬಲಗಾಲು ಎತ್ತಿಕೊಂಡು ಒಂದೇ ಸಮ ಗೋಳಿಡುತ್ತಿತ್ತು. ಆಪರೇಷನ್ ಆದ ಎಡಗಾಲಿನ ಮೇಲೆ ಭಾರ ಹಾಕಲು ಅಳುಕುತ್ತಾ, ಬಲಗಾಲು ಊರಲಾಗದೆ ಹಿಂಭಾಗವನ್ನೇ ಎಳೆದುಕೊಂಡು ಅಕ್ಕನ ಕಾಲ ಬಳಿ ಬಂತು.

ನಂಜನಗೂಡಿಗೆ ಹೋದೆವು. ಸರ್ಜನ್ ಮುಟ್ಟಿ ನೋಡಿದ ಕೂಡಲೇ ತಲೆಯಾಡಿಸಿದರು. "ಒಂದು ಹೋದರೆ ಇನ್ನೊಂದೂ ಹೋಗಬಹುದು ಅಂತ ಹೇಳಿದ್ದೆನಲ್ಲ. ಇದು ಕಾಯಿಲೆಯೇ. ಎರಡೂ ಕಡೆ ಸವೆದಿತ್ತು." ಆ ಭಾನುವಾರ ಬೇರೆ ಆಪರೇಷನ್ನುಗಳಿದ್ದವು, ಮುಂದಿನ ವಾರ ಬನ್ನಿ ಅಂದರು.

ಇನ್ನೇನು ಬೇಕಿತ್ತು ನನಗೆ? ಬಲಗಾಲನ್ನು ನಾನು ಮುಟ್ಟಿರಲಿಲ್ಲ. ಅದೂ ಹೋಯಿತು. ನಾನು ಹೊಡೆಯದಿದ್ದರೂ ಎಡಗಾಲು ಹೋಗುತ್ತಿತ್ತು ಅಂತ ಡಾಕ್ಟರೇ ಹೇಳಿದ ಹಾಗಾಯಿತು. ಆದರೆ ವಾಪಸು ಬರುವಾಗ ಆಟೋದಲ್ಲಿ ಅಕ್ಕ ಕೂಸಿನ ತಲೆ ತೊಡೆಯ ಮೇಲಿಟ್ಟುಕೊಂಡು ಅಳಲು ಶುರುಮಾಡಿದಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಾನೇ ಕಣಮ್ಮಿ. ನಾನೇ ಉಣ್ಣಿಸಿ ಉಣ್ಣಿಸಿ ಇದರ ಕಾಲು ಮುರ್ದೆ. ನನ್ನ ಕೈಲಿ ಯಾವ ಕೂಸೂ ಉಳಿಯಕಿಲ್ಲ."

ಮನೆ ಮುಟ್ಟುವವರೆಗೂ ಅದನ್ನೇ ಅಂದಳು. ಮರುದಿನದಿಂದ ತಾನೂ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಸಾಯಂಕಾಲ ನಾನು ಅವಳ ಹಿತ್ತಿಲಿಗೆ ಹೋದೆ. ಹಸುವಿಗೆ ಬೂಸಾ ಕಲೆಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಹುಳು ಹಣ್ಣಾದ ದಿನ, ಚಂದ್ರಂಕಿ ಬಿದ್ದದ್ದು, ಬೇಲಿ, ಪೊರಕೆ, ಎಲ್ಲಾ. ನೀನು ಉಣ್ಣಿಸಿದ್ದಕ್ಕಲ್ಲ ಅಕ್ಕ, ನಾನು ಹೊಡೆದೆ ಅಂದೆ. ಮೊದಲೇ ಸವೆದಿತ್ತು ಅನ್ನುವುದನ್ನು ನನ್ನ ಪರವಾಗಿ ಹೇಳಬಾರದು ಅಂದುಕೊಂಡು ಹೋಗಿದ್ದೆ. ಕೊನೆಗೆ ಅದೂ ಬಾಯಿಂದ ಬಂತು.

ಅವಳು ಬೂಸಾದಲ್ಲಿ ಅದ್ದಿದ ಕೈಯನ್ನು ಹಾಗೇ ಹಿಡಿದುಕೊಂಡು ಕೇಳಿದಳು.

"ಎಷ್ಟೇಟು ಒಡ್ದೆ?"

"ಒಂದು."

"ಕಾಲು ಸಿಕ್ಕಾಕಂಡಿದ್ದಾಗ್ಲೇ ಒಡ್ದಾ?"

"ಊಂ."

"ನಾನು ಬೇಲಿತಾವ ಕೇಳ್ದಾಗ ನೋಡ್ನಿಲ್ಲ ಅಂದಲ್ಲ."

"ಅಂದೆ."

ಅವಳು ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಬಕೆಟ್ ಎತ್ತಿ ಹಸುವಿನ ಮುಂದಿಟ್ಟು, ಕೈ ತೊಳೆದು, ಕೂಸನ್ನು ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಗಂಡನಿಗೂ ಆವತ್ತೇ ಹೇಳಿದೆ. "ಇಷ್ಟು ದಿನ ಮುಚ್ಚಿಟ್ಟೋಳು ಇನ್ನೂ ಮುಚ್ಚಿಡಬಾರ್ದಾಗಿತ್ತಾ?" ಅಂದರು.  ಅವಳ ಭಾರ ಇಳಿಸಲು ಹೇಳಿದೆನೋ, ಈಗ ಕಾಯಿಲೆ ಅಂತ ಖಾತ್ರಿಯಾಯಿತು, ಹೇಳಿದರೂ ಅಪಾಯವಿಲ್ಲ ಅಂತ ಹೇಳಿದೆನೋ.

ಮುಂದಿನ ಭಾನುವಾರ ಭಾವ ರಜೆ ಹಾಕಿ ಬಂದು ಕರೆದುಕೊಂಡು ಹೋದರು. ಆಟೋ ನಮ್ಮ ಬಾಗಿಲ ಮುಂದೆಯೇ ಹೋಯಿತು. ಅಕ್ಕ ಹಿಂದೆ ಕೂಸಿನ ಜೊತೆ ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ. ಆಪರೇಷನ್ ಸರಿಹೋಯಿತು, ಒಳಗಿನ ಮೆತ್ತೆ ಈ ಸಲ ಹರಿದಿರಲಿಲ್ಲ ಅಂತ ಭಾವ ನನ್ನ ಗಂಡನಿಗೆ ಫೋನು ಮಾಡಿ ಹೇಳಿದರು. ಹುಳುಮನೆಗೆ ತರಲಿಲ್ಲ. ಹಸುವಿನ ಕೊಟ್ಟಿಗೆಯ ಪಕ್ಕ ಹಲಗೆ ಅಡ್ಡ ಕಟ್ಟಿ ಜಾಗ ಮಾಡಿದರು. ಭಾವ ಎರಡು ವಾರ ಇದ್ದು ಹೊಲಿಗೆ ಬಿಚ್ಚಿಸಿ ಕೆಲಸಕ್ಕೆ ಹೋದರು.

ಅವರು ಹೋದ ಮಾರನೆಯ ದಿನ, ನಾನು ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಾಗ ಬೇಲಿಯಾಚೆಯಿಂದ ದನಿ ಬಂತು.

"ಬಂದು ಕಾಲಿಡ್ಕೋ. ಒಬ್ಳ ಕೈಲಿ ಆಗ್ತಿಲ್ಲ."

ಹೋದೆ. ಕೂಸು ನನ್ನನ್ನು ನೋಡಿ ಬಾಲ ಆಡಿಸಿ ಮಗ್ಗುಲಿಗೆ ಮಲಗಿತು. ಅಕ್ಕ ಅದರ ತಲೆ ಹಿಡಿದುಕೊಂಡಳು. ನಾನು ಬಲಗಾಲಿನ ಪಾದ ಹಿಡಿದೆ. ನನ್ನ ಮುಖ ನೋಡದೆ ಅವಳು ಹೇಳಿದಳು. "ಆಳಿಲ್ಲ ಅಂತ ಕರ್ದೆ. ಇದ್ಕೆ ನಿನ್ನ ಕೈ ಅಭ್ಯಾಸ ಆಗದೆ. ಬೇರೆ ಏನೂ ಅಲ್ಲ."

"ಆಗ್ಲಿ ಅಕ್ಕ."

ಹದಿನೈದು ಸಲ ಮಡಚಿ ಚಾಚಿದೆ. ಎಡಗಾಲಿಗೂ ಐದು ಸಲ ಮಾಡು ಅಂದಳು, ಬಿಗಿತ ಬಂದಿದೆ ಅಂತ. ಮಾಡಿದೆ. ಮುಗಿದ ಮೇಲೆ ಅವಳು ಹಾಲು ಕರೆಯಲು ಎದ್ದಳು, ನಾನು ಮನೆಗೆ ಬಂದೆ. ಆರು ವಾರ ಹೀಗೇ ನಡೆಯಿತು. ಹಳೆಯ ಮಾತುಗಳು ಮತ್ತೆ ಬರಲಿಲ್ಲ. ಹಿಡ್ಕೋ, ಬಿಡು, ಮೆಲ್ಲಗೆ, ಇಷ್ಟೇ. ಒಂದು ದಿನ ಕಾಲು ಹೆಚ್ಚು ಮಡಚಿ ಕೂಸು ಕುಯ್ಯೆಂದಿತು. ಅಕ್ಕ ಚಟ್ಟನೆ ನನ್ನ ಮಣಿಕಟ್ಟು ಹಿಡಿದಳು. ಬಿಗಿಯಾಗಿ, ನೋಯುವ ಹಾಗೆ. ಕೆಲವು ಗಳಿಗೆ ಬಿಡಲೇ ಇಲ್ಲ. ಆಮೇಲೆ ಬಿಟ್ಟು, "ಮೆಲ್ಲಗೆ" ಅಂದಳು.

ಕೂಸು ಈಗ ನಡೆಯುತ್ತದೆ. ಓಡುವುದಿಲ್ಲ. ಚಳಿಯಲ್ಲಿ ಬೆಳಿಗ್ಗೆ ಎದ್ದರೆ ಹಿಂಭಾಗ ಮರದ ಹಾಗೆ ಸೆಟೆದಿರುತ್ತದೆ, ಬಿಸಿಲು ಬಂದ ಮೇಲೆ ಸಡಿಲಾಗುತ್ತದೆ. ಗದ್ದೆಗೆ ಹೋಗುವುದು ನಿಂತಿದೆ. ಅಕ್ಕ ಹುಲ್ಲಿಗೆ ಹೊರಟರೆ ಗೇಟಿನವರೆಗೆ ಹೋಗಿ ಅಲ್ಲೇ ಕೂತು, ಅವಳು ಬರುವವರೆಗೂ ದಾರಿ ನೋಡುತ್ತದೆ. ಅವಳು ಈಗ ಊರಿನ ಬೇರೆ ಹೆಂಗಸರ ಜೊತೆ ಹೋಗುತ್ತಾಳೆ. ನಾನೂ ಜೊತೆಗೆ ಬರುತ್ತೇನೆ ಅಂತ ಒಂದು ಭಾನುವಾರ ಹೇಳಿ ನೋಡಿದೆ. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, "ನಿಂಗ್ಯಾಕೆ, ಕಾಗದ ಪತ್ರ ಇರ್ತದೆ" ಅಂದಳು.

ಕಾಲು ಮಡಚಿಸುವುದು ವಾರಕ್ಕೆ ಎರಡು ದಿನಕ್ಕಿಳಿದಿತ್ತು. ಮೊನ್ನೆ ಮುಗಿಸಿ ಏಳುವಾಗ ಅಕ್ಕ ಹೇಳಿದಳು. "ಇನ್ಮುಂದೆ ಬರೋದೇನ್ ಬೇಡ. ಅವರು ರಿಟೈರಾಗಿ ಬತ್ತಾವ್ರೆ ಮುಂದಿನ್ ವಾರ. ಅವರೇ ಇಡ್ಕತಾರೆ."

"ಸರಿ ಅಕ್ಕ" ಅಂದೆ. ಕೂಸು ಇನ್ನೂ ಮಲಗಿಯೇ ಇತ್ತು, ಎಡಗಾಲನ್ನು ನನ್ನ ಕಡೆಗೆ ಚಾಚಿಕೊಂಡು. ಅದರ ಪಾದವನ್ನು ನೆಲದ ಮೇಲಿಟ್ಟು ನಾನು ಎದ್ದೆ.